765ಕ್ಕೆ ನಿಲ್ಲದ ಸ್ಟೀರಿಯೊ: ಹಳೆ ವ್ಯಾಗನ್‌ಆರ್‌ಗೆ ಆಂಡ್ರಾಯ್ಡ್ ಕೂರಿಸಿದ ಕತೆ

ನಮ್ಮ ವ್ಯಾಗನ್‌ಆರ್ 2013ರದು. ಕೆಳಗಿನ ಮಾಡೆಲ್, ಹಾಗಾಗಿ ಕಂಪನಿಯಿಂದ ಸ್ಟೀರಿಯೊ ಬಂದಿರಲಿಲ್ಲ. ಕೊಂಡ ವಾರದಲ್ಲೇ ಇಲ್ಲೇ ವಿಜಯಪುರದ ಒಂದು ಅಂಗಡಿಯಲ್ಲಿ ಸಣ್ಣ ಪ್ಲೇಯರ್ ಹಾಕಿಸಿದ್ದೆವು. ಹನ್ನೊಂದು ವರ್ಷ ದುಡಿದು ಅದು ಒಂದು ಬೇಸಿಗೆಯಲ್ಲಿ ಕಣ್ಣು ಮುಚ್ಚಿತು. ಕೊನೆಯ ಎರಡು ವರ್ಷ ರೇಡಿಯೊದಲ್ಲಿ ಬರೀ ಗರಗರ. ಪ್ಲೇಯರ್‌ಗೆ ವಯಸ್ಸಾಯಿತು ಎಂದು ನಾವು ಸುಮ್ಮನಿದ್ದೆವು. ಅದರ ಮೇಲೆ ಹೊರಿಸಿದ ಆ ಅಪವಾದ ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಆ ಮಾತು ಮುಂದೆ ಬರುತ್ತದೆ.

ನನಗೆ ದೊಡ್ಡ ಪರದೆ ಬೇಕಿತ್ತು, ಮ್ಯಾಪ್ ಬೇಕಿತ್ತು, ಹಿಂದಿನ ಕ್ಯಾಮೆರಾ ಬೇಕಿತ್ತು. ಅಪ್ಪನ ಬೇಡಿಕೆ ಒಂದೇ. ಬೆಳಿಗ್ಗೆ ತಿಕೋಟಾ ಕಡೆಯ ನಮ್ಮ ದ್ರಾಕ್ಷಿ ತೋಟಕ್ಕೆ ಹೋಗುವಾಗ ಅವರಿಗೆ ಧಾರವಾಡ ಆಕಾಶವಾಣಿ ಬೇಕು.

"ಯಾವುದರ ತಗೋ ತಮ್ಮಾ, ಖರೇ ಧಾರವಾಡ ಹತ್ತಬೇಕು ನೋಡು" ಅಂದರು.

ಇದರಿಂದ ನನ್ನ ಆಯ್ಕೆ ಅರ್ಧಕ್ಕೆ ಇಳಿಯಿತು. ಅಗ್ಗದ ಆಂಡ್ರಾಯ್ಡ್ ಸ್ಟೀರಿಯೊಗಳಲ್ಲಿ ಎಷ್ಟೋ ಎಫ್‌ಎಂ ಮಾತ್ರ ಹಿಡಿಯುತ್ತವೆ. ಧಾರವಾಡದ್ದು ಮೀಡಿಯಂ ವೇವ್, 765 ಕಿಲೋಹರ್ಟ್ಸ್. ಅದಕ್ಕೆ ಎಎಂ ಬೇಕೇ ಬೇಕು. ಹುಡುಕಿ ಹುಡುಕಿ ಎಎಂ ಇರುವ 9 ಇಂಚಿನದೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ವ್ಯಾಗನ್‌ಆರ್‌ಗೆ ಹೊಂದುವ ಫ್ರೇಮ್ ಸೇರಿ 6,400 ರೂಪಾಯಿ. ಕ್ಯಾಮೆರಾಕ್ಕೆ ಬೇರೆ 550. ಫ್ರೇಮ್ ಯಾಕೆ ಅಂದರೆ, ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಯೊಗೆ ಬಿಟ್ಟ, ಡಬಲ್ ಡಿನ್ ಅನ್ನುವ ಜಾಗ ಸುಮಾರು 178 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಎತ್ತರ. 7 ಇಂಚಿನ ಪರದೆ ಅದರೊಳಗೆ ಕೂರುತ್ತದೆ. 9 ಇಂಚಿನದು ಕೂರುವುದಿಲ್ಲ. ಅದು ಡ್ಯಾಶ್‌ಬೋರ್ಡಿನ ಮುಂದೆ ನಿಲ್ಲುತ್ತದೆ, ಅದಕ್ಕೆ ಆಯಾ ಕಾರಿಗೇ ಮಾಡಿದ ಫ್ರೇಮ್ ಬೇಕು. ಇದನ್ನು ಬಿಟ್ಟು ತರಿಸಿದರೆ ಎರಡು ಸಲ ಕೊರಿಯರ್ ಕಾಯಬೇಕಾಗುತ್ತದೆ.

ಡಬ್ಬಿ ಬಂದ ದಿನ ಕಾರಿಗೆ ಕೈ ಹಚ್ಚಲಿಲ್ಲ. ಮನೆಯಲ್ಲೇ ಹಳೇ ಬೈಕ್ ಬ್ಯಾಟರಿಗೆ ಜೋಡಿಸಿ ಮೇಜಿನ ಮೇಲೆ ಓಡಿಸಿ ನೋಡಿದೆ. ಹಳದಿ ಮತ್ತು ಕೆಂಪು ಎರಡೂ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಪರದೆಯಲ್ಲಿ ಸತ್ತ ಚುಕ್ಕೆ ಇದೆಯಾ, ಟಚ್ ನಾಲ್ಕೂ ಮೂಲೆಯಲ್ಲಿ ಕೆಲಸ ಮಾಡುತ್ತದಾ, ಬ್ಲೂಟೂತ್ ಹಿಡಿಯುತ್ತದಾ ಅನ್ನುವುದೆಲ್ಲ ಇಲ್ಲೇ ಗೊತ್ತಾಗಿಬಿಡಬೇಕು. ಡ್ಯಾಶ್‌ಬೋರ್ಡ್ ಬಿಚ್ಚಿ, ಕೂರಿಸಿ, ಆಮೇಲೆ ವಾಪಸ್ ಕಳಿಸುವ ಪಾಡು ಯಾರಿಗೂ ಬೇಡ.

ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ 13 ಅಂತ ದೊಡ್ಡದಾಗಿ ಬರೆದಿತ್ತು. ಫೋನಿನ ಒಳವಿವರ ತೋರಿಸುವ ಒಂದು ಆ್ಯಪ್ ಹಾಕಿ ನೋಡಿದರೆ ಎಪಿಐ ಮಟ್ಟ, ಅಂದರೆ ಆಂಡ್ರಾಯ್ಡ್ ಆವೃತ್ತಿಯ ಒಳಸಂಖ್ಯೆ, 27. ಅಂದರೆ ಒಳಗಿರುವುದು ಆಂಡ್ರಾಯ್ಡ್ 8.1. ನಿಜವಾದ 13 ಆಗಿದ್ದರೆ 33 ಬರಬೇಕಿತ್ತು. ಪರದೆಯೂ ಹೇಳಿದಷ್ಟು ಚೂಪಲ್ಲ, 1024 ಅಡ್ಡ, 600 ಉದ್ದ. ಮಾರುವವನಿಗೆ ಅಕ್ಷರ ಬದಲಿಸುವುದು ಒಂದು ನಿಮಿಷದ ಕೆಲಸ. ವಾಪಸ್ ಕಳಿಸೋಣವೇ ಎಂದು ಒಂದು ರಾತ್ರಿ ಯೋಚಿಸಿದೆ. ಕೊನೆಗೆ ಇಟ್ಟುಕೊಂಡೆ. ಯಾಕಂದರೆ ಫೋನಿನ ಆ್ಯಪ್‌ಗಳನ್ನು ಕಾರಿನ ಪರದೆಗೆ ತರುವ ಆಂಡ್ರಾಯ್ಡ್ ಆಟೊ ವೈರ್ ಇಲ್ಲದೆ ಹಿಡಿಯುತ್ತಿತ್ತು. ಮ್ಯಾಪ್, ಹಾಡು, ಕರೆ ಎಲ್ಲದರ ಲೆಕ್ಕ ಫೋನೇ ಮಾಡುತ್ತದೆ, ಈ ಡಬ್ಬಿ ಚಿತ್ರ ತೋರಿಸಿದರೆ ಸಾಕು. ಈ ಬೆಲೆಯಲ್ಲಿ ಜಿಬಿ ಎಣಿಸುವುದಕ್ಕಿಂತ ಆಂಡ್ರಾಯ್ಡ್ ಆಟೊ ಸರಿಯಾಗಿ ಓಡುತ್ತದಾ ಎಂದು ನೋಡುವುದೇ ಮೇಲು ಅಂತ ನನ್ನ ಅಭಿಪ್ರಾಯ.

ಶನಿವಾರ ಬೆಳಿಗ್ಗೆ ಆರಕ್ಕೆ ಶುರು ಮಾಡಿದೆ. ಮೇ ತಿಂಗಳು. ನಮ್ಮೂರಲ್ಲಿ ಹತ್ತು ದಾಟಿದರೆ ಕಾರಿನೊಳಗೆ ಕೂರುವುದು ಶಿಕ್ಷೆ. ಮೊದಲು ಹತ್ತು ನಂಬರ್ ಪಾನಾದಿಂದ ಬ್ಯಾಟರಿಯ ಮೈನಸ್ ಬಿಚ್ಚಿದೆ. ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನ ಪ್ಯಾನೆಲ್ ನಿಧಾನಕ್ಕೆ ಎಬ್ಬಿಸಿದೆ. ಸ್ಕ್ರೂ ಡ್ರೈವರ್ ಹಾಕಿ ಎಬ್ಬಿಸಬೇಡಿ. ಬಿಸಿಲಿಗೆ ಒಣಗಿದ ಹಳೆ ಪ್ಲಾಸ್ಟಿಕ್, ಕಚ್ಚಿದ ಗುರುತು ಹಾಗೇ ಉಳಿಯುತ್ತದೆ. ನನ್ನ ಕಾರಿನಲ್ಲಿ ಒಂದು ಉಳಿದಿದೆ.

ಹಳೆ ಪ್ಲೇಯರ್ ಹೊರಗೆ ಬಂದಾಗ ಹಿಂದಿದ್ದದ್ದನ್ನು ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅಂಗಡಿಯವರು ಕಾರಿನ ವೈರ್‌ಗಳ ತುದಿಯ ಪ್ಲಾಸ್ಟಿಕ್ ಕಪ್ಲರ್ ಕತ್ತರಿಸಿ, ವೈರ್‌ಗಳನ್ನು ಕೈಯಿಂದ ತಿರುಚಿ, ಟೇಪ್ ಸುತ್ತಿದ್ದರು. ಹನ್ನೊಂದು ಬೇಸಿಗೆ ಕಂಡ ಆ ಟೇಪಿನ ಅಂಟು ಕರಗಿ ಬೆಲ್ಲದ ಪಾಕದಂತೆ ಕೈಗೆ ಹತ್ತುತ್ತಿತ್ತು. ಸ್ಪೀಕರ್‌ಗೆ ಕಾಲಿಂಗ್ ಬೆಲ್‌ಗೆ ಬಳಸುವ ವೈರ್ ಎಳೆದಿದ್ದರು. ಅದರಲ್ಲಿ ಬಣ್ಣವೂ ಇಲ್ಲ, ಗುರುತೂ ಇಲ್ಲ. ಪ್ಲೇಯರಿನ ಕೆಂಪು ಮತ್ತು ಹಳದಿ ಎರಡನ್ನೂ ಒಟ್ಟಿಗೆ ಸೇರಿಸಿ ಒಂದೇ ವೈರ್‌ಗೆ ಕೊಟ್ಟಿದ್ದರು.

ಕೀ ತೆಗೆದರೆ ಆ ಪ್ಲೇಯರ್ ಪ್ರತಿ ಸಲ ಸ್ಟೇಷನ್ ಮರೆಯುತ್ತಿದ್ದದ್ದು ಇದಕ್ಕೇ. ಹಳದಿ ವೈರ್ ಸದಾ 12 ವೋಲ್ಟ್ ಬೇಡುತ್ತದೆ, ನೆನಪು ಉಳಿಯುವುದು ಅದರಿಂದ. ಕೆಂಪು ಎಂದರೆ ಎಸಿಸಿ. ಕೀ ತಿರುಗಿಸಿದಾಗ ಮಾತ್ರ ಬಂದು "ಏಳು" ಎಂದು ಹೇಳುವ ವೈರ್. ಎರಡೂ ಎಸಿಸಿಗೆ ಕೊಟ್ಟರೆ ಆಂಡ್ರಾಯ್ಡ್ ಸ್ಟೀರಿಯೊ ಪ್ರತಿ ಸಲ ಸೊನ್ನೆಯಿಂದ ಬೂಟ್ ಆಗುತ್ತದೆ. ನನ್ನದಕ್ಕೆ 38 ಸೆಕೆಂಡ್ ಬೇಕು. ಸರಿಯಾಗಿ ಕೊಟ್ಟರೆ ಎರಡು ಸೆಕೆಂಡಿನಲ್ಲಿ ಎಚ್ಚರವಾಗುತ್ತದೆ.

ಬಣ್ಣ ನಂಬುವಂತಿಲ್ಲ ಎಂದ ಮೇಲೆ ಮಲ್ಟಿಮೀಟರೇ ಗತಿ. ಬ್ಯಾಟರಿ ಮೈನಸ್ ಮತ್ತೆ ಜೋಡಿಸಿ, ಕಪ್ಪು ಪ್ರೋಬನ್ನು ಕಾರಿನ ಲೋಹದ ಮೈಗೆ ಹಿಡಿದು, ಒಂದೊಂದೇ ವೈರ್ ಮುಟ್ಟುತ್ತಾ ಹೋದೆ. ಕೀ ಇಲ್ಲದೆಯೂ 12.5 ತೋರಿಸಿದ್ದು ಸದಾ ಕರೆಂಟ್ ಇರುವ ವೈರ್. ಅದನ್ನು ಹಳಬರು ಮಡಚಿ, ಟೇಪ್ ಸುತ್ತಿ ಮೂಲೆಗೆ ಸೇರಿಸಿದ್ದರು. ಕೀ ಒಂದು ಹಂತ ತಿರುಗಿಸಿದಾಗ ಮಾತ್ರ 12 ಬಂದದ್ದು ಎಸಿಸಿ. ಪಾರ್ಕಿಂಗ್ ಲೈಟ್ ಹಾಕಿದಾಗ ಬಂದದ್ದು ಇಲ್ಯುಮಿನೇಷನ್, ಅದಕ್ಕೆ ಸ್ಟೀರಿಯೊದ ಕಿತ್ತಳೆ ವೈರ್. ರಾತ್ರಿ ಪರದೆಯ ಬೆಳಕು ತಾನೇ ಕಡಿಮೆಯಾಗಲು ಇದು ಬೇಕು. ಎಷ್ಟೋ ಜನ ಇದನ್ನು ಜೋಡಿಸದೆ ಬಿಡುತ್ತಾರೆ, ಆಮೇಲೆ ರಾತ್ರಿ ಕಣ್ಣು ಕುಕ್ಕುತ್ತದೆ ಅಂತಾರೆ.

ಸ್ಪೀಕರ್ ವೈರ್ ಹುಡುಕಲು ಹಳೆಯ ಉಪಾಯ ಇದೆ. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತೆಗೆದುಕೊಳ್ಳಿ. ಎರಡು ವೈರ್ ತುದಿಗಳನ್ನು ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿ. ಯಾವ ಬಾಗಿಲಿನಿಂದ "ಟಪ್" ಅಂತ ಸದ್ದು ಬಂತೋ ಅದೇ ಜೋಡಿ. ಜಾಲಿ ತೆಗೆದು ಸ್ಪೀಕರಿನ ಕಾಗದ ನೋಡಿದರೆ ಪ್ಲಸ್ ಯಾವುದು ಎಂದೂ ಗೊತ್ತಾಗುತ್ತದೆ. ಕಾಗದ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ ವೈರ್ ಪ್ಲಸ್. ನಮ್ಮ ಕಾರಿನಲ್ಲಿ ಎಡಗಡೆಯದು ಉಲ್ಟಾ ಇತ್ತು! ಒಂದು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತಿತ್ತು. ಹನ್ನೊಂದು ವರ್ಷ ಬೇಸ್ ಇಲ್ಲದ ಹಾಡು ಕೇಳಿದ್ದೇವೆ.

ಸ್ಟೀರಿಯೊ ಕಡೆ ಬಣ್ಣಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಆಯಾ ಜೋಡಿಯ ಮೈನಸ್. ಈ ಮೈನಸ್ ಅನ್ನು ಕಾರಿನ ಲೋಹದ ಮೈಗೆ ಮುಟ್ಟಿಸಬಾರದು. ಒಳಗಿನ ಆಂಪ್ಲಿಫೈಯರ್ ಎರಡೂ ತುದಿಯನ್ನು ಓಡಿಸುತ್ತಿರುತ್ತದೆ, ಅರ್ತ್ ತಗುಲಿದರೆ ಅದರ ಐಸಿ (ಚಿಪ್) ಹೋಗಬಹುದು. ಡಬ್ಬಿಯ ಮೇಲೆ ನಾಲ್ಕು ಸಲ 45 ವಾಟ್ ಅಂತ ಬರೆದಿರುತ್ತದಲ್ಲ, ಅದನ್ನೂ ನಂಬಬೇಡಿ. ಇಂಥವುಗಳಲ್ಲಿ ಬಹಳ ಕಾಣುವ ಟಿಡಿಎ 7388 ಐಸಿಯ ಡೇಟಾಶೀಟಿನಲ್ಲಿ 45 ಎಂಬುದು ಗರಿಷ್ಠ ಲೆಕ್ಕ. 4 ಓಮ್ ಸ್ಪೀಕರ್‌ಗೆ, 14.4 ವೋಲ್ಟ್‌ನಲ್ಲಿ, ದನಿ ಶೇ. 10 ಕೆಟ್ಟರೂ ಪರವಾಗಿಲ್ಲ ಎಂದರೆ 26 ವಾಟ್. ಮನೆ ಕಾರಿಗೆ ಅದೇ ಬೇಕಾದಷ್ಟು.

ಜೋಡಣೆ ಎಲ್ಲ ಸೋಲ್ಡರ್ ಮಾಡಿ, ಬಿಸಿಗೆ ಕುಗ್ಗಿ ಕೂರುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿದೆ. ಅರ್ತ್‌ಗೆ ಮಾತ್ರ ವೈರ್ ತುದಿಗೆ ಥಿಂಬಲ್ ಅನ್ನುವ ಲೋಹದ ಬಳೆ ಕಚ್ಚಿಸಿ ಡ್ಯಾಶ್‌ಬೋರ್ಡ್ ಹಿಂದಿನ ಲೋಹದ ಬೋಲ್ಟಿಗೆ ಬಿಗಿದೆ. ಹ್ಯಾಂಡ್‌ಬ್ರೇಕ್ ವೈರನ್ನು ಎಲ್ಲರೂ ನೇರ ಅರ್ತ್‌ಗೆ ಹಾಕುತ್ತಾರೆ, ಓಡುವಾಗಲೂ ಸಿನಿಮಾ ಬರಲಿ ಅಂತ. ನಾನು ಹ್ಯಾಂಡ್‌ಬ್ರೇಕ್ ಸ್ವಿಚ್ಚಿಗೇ ಕೊಟ್ಟೆ, ಬ್ರೇಕ್ ಎಳೆದಾಗ ಮಾತ್ರ ಸಿನಿಮಾ. ಮಗ ಎರಡು ದಿನ ಮಾತು ಬಿಟ್ಟಿದ್ದ.

ಜಿಪಿಎಸ್ ಆಂಟೆನಾ ಬೆಂಕಿಪೊಟ್ಟಣದಂಥ ಕಪ್ಪು ಡಬ್ಬಿ. ಮೊದಲು ಅದನ್ನು ಸ್ಟೀರಿಯೊ ಹಿಂದೆಯೇ ತುರುಕಿದೆ. ಕಾರು ಇದ್ದದ್ದು ಮನೆ ಮುಂದೆ, ಪರದೆಯಲ್ಲಿ ಬಾಣ ನಿಂತದ್ದು ಗೋಳಗುಮ್ಮಟದ ಹಿಂದಿನ ಬೀದಿಯಲ್ಲಿ. ಡ್ಯಾಶ್‌ಬೋರ್ಡ್ ಮೇಲೆ, ಮುಂದಿನ ಗಾಜಿನ ಬುಡಕ್ಕೆ, ಆಯಸ್ಕಾಂತದ ಬದಿ ಕೆಳಗೆ ಮಾಡಿ ಅಂಟಿಸಿದ ಮೇಲೆ ಅರ್ಧ ನಿಮಿಷದಲ್ಲಿ ಸರಿಯಾಯಿತು.

ಕ್ಯಾಮೆರಾ ಭಾನುವಾರದ ಕೆಲಸ. ಅದರ ವಿದ್ಯೆ ಸುಲಭ, ಮೈಕೈ ನೋವು ಜಾಸ್ತಿ. ಕರೆಂಟ್ ರಿವರ್ಸ್ ಬಲ್ಬಿನಿಂದ. ವಿಡಿಯೊ ಕೇಬಲಿನ ಜೊತೆ ಬರುವ ತೆಳು ಕೆಂಪು ವೈರಿನ ಒಂದು ತುದಿ ಅದೇ ಬಲ್ಬಿಗೆ, ಇನ್ನೊಂದು ಸ್ಟೀರಿಯೊದ ರಿವರ್ಸ್ ವೈರ್‌ಗೆ. ಹಿಂದಿನ ಬಾಗಿಲಿನ ರಬ್ಬರ್ ಕೊಳವೆಯೊಳಗೆ ಕೇಬಲ್ ತೂರಿಸಲು ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಹೆಂಡತಿ ಲಾಡಿ ಪೋಣಿಸುವ ಪಿನ್ ತಂದುಕೊಟ್ಟಳು, ಐದು ನಿಮಿಷದಲ್ಲಿ ಆಯಿತು. ಚಿತ್ರ ಎಡಬಲ ಅದಲುಬದಲಾಗಿ ಬಂದರೆ ಹೆದರಬೇಡಿ. ಕ್ಯಾಮೆರಾ ಬುಡದಲ್ಲಿ ಎರಡು ಸಣ್ಣ ವೈರ್ ಕುಣಿಕೆ ಇರುತ್ತವೆ. ಒಂದು ಕತ್ತರಿಸಿದರೆ ಕನ್ನಡಿ ಚಿತ್ರ ಬದಲಾಗುತ್ತದೆ, ಇನ್ನೊಂದು ಕತ್ತರಿಸಿದರೆ ಪಾರ್ಕಿಂಗ್ ಗೆರೆಗಳು ಹೋಗುತ್ತವೆ. ಕತ್ತರಿಸುವ ಮುನ್ನ ಜೊತೆಗೆ ಬಂದ ಕಾಗದ ಓದಿ, ಬಣ್ಣ ಒಂದೊಂದು ಕ್ಯಾಮೆರಾಕ್ಕೆ ಒಂದೊಂದು ಥರ.

ಸಂಜೆ ಅಪ್ಪನನ್ನು ಕರೆದು ಕೂರಿಸಿದೆ. ರೇಡಿಯೊ ತೆರೆದು ಎಎಂ ಒತ್ತಿದೆ. 760 ಬಂತು. ಮುಂದೆ ಒತ್ತಿದರೆ 770. ಹಿಂದೆ ಬಂದರೆ ಮತ್ತೆ 760. ನಡುವಿನ 765 ಈ ಡಬ್ಬಿಯ ಲೋಕದಲ್ಲೇ ಇಲ್ಲ.

"ಇದಕ್ಕ ಧಾರವಾಡ ಗೊತ್ತಿಲ್ಲೇನೋ?" ಅಂದರು ಅಪ್ಪ.

ಗೊತ್ತಿಲ್ಲದೆ ಏನು. ಅದು ಅಮೆರಿಕದಲ್ಲಿತ್ತು. ರೇಡಿಯೊ ಸೆಟ್ಟಿಂಗ್‌ನಲ್ಲಿ ಪ್ರದೇಶ ಅಂತ ಒಂದು ಸಾಲು ಇರುತ್ತದೆ. ಅಮೆರಿಕದಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳ ನಡುವೆ 10 ಕಿಲೋಹರ್ಟ್ಸ್ ಅಂತರ, ನಮ್ಮಲ್ಲಿ 9. 531ರಿಂದ ಒಂಬತ್ತೊಂಬತ್ತು ಕೂಡಿಸುತ್ತಾ ಹೋದರೆ ಇಪ್ಪತ್ತಾರನೇ ಹೆಜ್ಜೆಗೆ ಸರಿಯಾಗಿ 765. ಎಫ್‌ಎಂನಲ್ಲೂ ಅದೇ ಕತೆ. ಅಮೆರಿಕದ ಪಟ್ಟಿಯಲ್ಲಿ ಚುಕ್ಕೆಯ ಮುಂದೆ ಬೆಸ ಅಂಕಿ ಮಾತ್ರ, 101.1, 101.3, ಹೀಗೆ. ಸಮ ಅಂಕಿಯ ಸ್ಟೇಷನ್ ಪೂರ್ತಿ ಸಿಗುವುದೇ ಇಲ್ಲ. ಹೊಸ ಸ್ಟೀರಿಯೊದಲ್ಲಿ ರೇಡಿಯೊ ಹಿಡಿಯುವುದಿಲ್ಲ ಎಂದು ಬೈಯುವ ಮುನ್ನ ಈ ಒಂದು ಸಾಲು ನೋಡಿ. ನನ್ನದರಲ್ಲಿ ಇದು ಫ್ಯಾಕ್ಟರಿ ಸೆಟ್ಟಿಂಗ್ ಒಳಗಿತ್ತು, ಗುಪ್ತ ಸಂಖ್ಯೆ 8888. ಬೇರೆಯವಕ್ಕೆ ಬೇರೆ ಇರುತ್ತದೆ, ಮಾರಿದವರನ್ನೇ ಕೇಳಬೇಕು. ಆ ಮೆನುವಿನಲ್ಲಿ ಅರ್ಥವಾಗದ್ದನ್ನು ಮುಟ್ಟಬಾರದು. ಪರದೆಯ ಮಾದರಿ ತಪ್ಪಾಗಿ ಒತ್ತಿದರೆ ಆಮೇಲೆ ಕಪ್ಪು ಗಾಜು ನೋಡುತ್ತಾ ಕೂರಬೇಕು.

ಯುರೋಪ್ ಆರಿಸಿದೆ, 765 ಬಂತು. ಆದರೆ ಕೇಳಿದ್ದು ಜೇನುಗೂಡಿನ ಸದ್ದು. ದೂರದಲ್ಲೆಲ್ಲೋ ಒಬ್ಬರು ಮಾತಾಡುತ್ತಿದ್ದರು, ಅಷ್ಟೇ. ಇದೇ ಗರಗರ ಹಳೆ ಪ್ಲೇಯರಿನಲ್ಲೂ ಇತ್ತಲ್ಲ ಎಂದು ಆಗ ತಲೆಗೆ ಹೊಳೆಯಿತು. ಪ್ಲೇಯರ್ ಬದಲಾದರೂ ರೋಗ ಉಳಿದಿದೆ ಎಂದರೆ ರೋಗ ಬೇರೆ ಕಡೆ ಇದೆ ಅಲ್ವಾ?

ಅಪ್ಪನ ಹಳೆ ಪಾಕೆಟ್ ರೇಡಿಯೊ ತಂದೆ. ಅದನ್ನು 765ಕ್ಕೆ ಇಟ್ಟು ಡ್ಯಾಶ್‌ಬೋರ್ಡಿನ ಉದ್ದಕ್ಕೂ ಹಿಡಿದುಕೊಂಡು ಹೋದೆ, ವೈದ್ಯರು ಎದೆಗೆ ಕೊಳವೆ ಇಟ್ಟಂತೆ. ಸಿಗರೇಟ್ ಸಾಕೆಟ್ಟಿನಲ್ಲಿದ್ದ ಫೋನ್ ಚಾರ್ಜರ್ ಹತ್ತಿರ ಬಂದಾಗ ರೇಡಿಯೊ ಕಿರುಚಿತು. ಚಾರ್ಜರ್ ಕಿತ್ತೆ, ಜೇನುಗೂಡು ಅರ್ಧ ಖಾಲಿ. ಅಗ್ಗದ ಚಾರ್ಜರ್ 12 ವೋಲ್ಟನ್ನು 5ಕ್ಕೆ ಇಳಿಸಲು ಸೆಕೆಂಡಿಗೆ ಲಕ್ಷಾಂತರ ಸಲ ಕರೆಂಟ್ ಕತ್ತರಿಸುತ್ತದೆ. ಆ ಗದ್ದಲ ಸೀದಾ ಮೀಡಿಯಂ ವೇವ್ ಮೇಲೆ ಬೀಳುತ್ತದೆ. ಸ್ಟೀರಿಯೊ ಹಿಂದೆ ಯುಎಸ್‌ಬಿ ಕೇಬಲ್ ಮತ್ತು ರೇಡಿಯೊ ಆಂಟೆನಾ ಕೇಬಲ್ ಎರಡನ್ನೂ ನಾನೇ ಚೆಂದ ಕಾಣಲಿ ಎಂದು ಒಂದೇ ಟೈನಲ್ಲಿ ಕಟ್ಟಿದ್ದೆ. ಬಿಡಿಸಿ ದೂರ ಮಾಡಿದೆ. ಇನ್ನೂ ಸ್ವಲ್ಪ ಕಡಿಮೆಯಾಯಿತು.

ಉಳಿದದ್ದು ಛಾವಣಿ ಮೇಲಿನ ಆಂಟೆನಾ. ಮೀಟರನ್ನು ಓಮ್‌ಗೆ ಇಟ್ಟೆ. ಪ್ಲಗ್ಗಿನ ನಡು ಪಿನ್‌ನಿಂದ ಆಂಟೆನಾ ಕಡ್ಡಿಗೆ ಸೊನ್ನೆ ಹತ್ತಿರ, ಸರಿ. ಪ್ಲಗ್ಗಿನ ಹೊರಬಳೆಯಿಂದ ಬಾಡಿಗೂ ಸೊನ್ನೆ ಬರಬೇಕು. ಬಂದದ್ದು ಒಮ್ಮೆ 40, ಒಮ್ಮೆ 200, ಕಡ್ಡಿ ಅಲ್ಲಾಡಿಸಿದರೆ ಏನೂ ಇಲ್ಲ. ಒಳಗಿನ ಲೈಟ್ ಬಿಚ್ಚಿ, ಬಟ್ಟೆ ಸರಿಸಿ, ಆಂಟೆನಾ ಬುಡದ ನಟ್ ತೆಗೆದರೆ ಕೆಂಪು ತುಕ್ಕು. ಮಳೆ ನೀರು ರಬ್ಬರ್ ದಾಟಿ ವರ್ಷಗಟ್ಟಲೆ ಇಳಿದಿತ್ತು. ಆಂಟೆನಾಗೆ ಕಾರಿನ ಛಾವಣಿಯೇ ನೆಲ. ಅದು ತಪ್ಪಿದರೆ ಕೇಬಲಿನ ಹೊದಿಕೆ ಗದ್ದಲ ತಡೆಯುವ ಬದಲು ತಾನೇ ಗದ್ದಲ ಹಿಡಿದು ಒಳಗೆ ತರುತ್ತದೆ. ಪಾಲಿಶ್ ಪೇಪರ್ ಹಾಕಿ ಲೋಹ ಹೊಳೆಯುವವರೆಗೆ ಉಜ್ಜಿದೆ, ಗ್ರೀಸ್ ಸವರಿದೆ, ಹತ್ತು ರೂಪಾಯಿಯ ಹೊಸ ವಾಷರ್ ಹಾಕಿ ಬಿಗಿದೆ. ಈಗ ಮೀಟರ್ 0.3.

ಧಾರವಾಡ ಬಂತು. ಪೂರ್ತಿ ಸ್ವಚ್ಛ ಅಂತ ಹೇಳಲಾರೆ, ಈ ಡಬ್ಬಿಯ ಸ್ವಂತ ಗುಂಯ್ ಸ್ವಲ್ಪ ಉಳಿದೇ ಇದೆ. ಊರೊಳಗೆ ಹೈಟೆನ್ಷನ್ ತಂತಿ ಕೆಳಗೆ ಹೋದರೆ ಜಾಸ್ತಿ, ತಿಕೋಟಾ ರಸ್ತೆಗೆ ಬಿದ್ದರೆ ಮಾತು ಸ್ಪಷ್ಟ. ಅಪ್ಪನ ತಕರಾರು ಅಲ್ಲಿಗೂ ನಿಲ್ಲಲಿಲ್ಲ. ದನಿ ಬಾವಿಯೊಳಗಿಂದ ಬಂದಂತೆ ಇದೆ ಅಂದರು. ನಿಜ, ಈಕ್ವಲೈಜರ್‌ನಲ್ಲಿ "ಹಾಲ್" ಅಂತ ಇತ್ತು. ವಾರ್ತೆ ಓದುವವರು ಗೋಳಗುಮ್ಮಟದ ಗ್ಯಾಲರಿಯಲ್ಲಿ ನಿಂತು ಓದಿದಂತೆ ಒಂದೊಂದು ಮಾತಿಗೂ ಬಾಲ. ತೆಗೆದುಹಾಕಿದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮದುವೆಗೆಂದು ಮೂರು ದಿನ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗಿಬಂದೆವು. ಬಂದು ಕೀ ತಿರುಗಿಸಿದರೆ ಕಟ್ ಕಟ್ ಸದ್ದು, ಬ್ಯಾಟರಿ ಮಲಗಿದೆ. ಪಕ್ಕದ ಮನೆ ಕಾಕಾರ ಬೊಲೆರೊದಿಂದ ಜಂಪ್ ಕೊಟ್ಟು ಎಬ್ಬಿಸಿದೆವು.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಅಳೆದೆ. ಮೀಟರಿನ ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿ ಮೈನಸ್ ಮತ್ತು ಅದರ ಕೇಬಲ್ ನಡುವೆ ಸರಣಿಯಲ್ಲಿ ಹಿಡಿಯಬೇಕು. ಮೀಟರ್ ನಡುವೆ ಇರುವಾಗ ಯಾರೂ ಸ್ಟಾರ್ಟ್ ಮಾಡಬಾರದು, ಮೀಟರಿನ ಫ್ಯೂಸ್ ಹೋಗುತ್ತದೆ. ಬಾಗಿಲು ಮುಚ್ಚಿ, ಐದು ನಿಮಿಷ ಕಾದೆ. 0.42 ಆಂಪಿಯರ್. ಇರಬೇಕಾದದ್ದು 0.05ಕ್ಕಿಂತ ಕಡಿಮೆ. ಮೂರು ದಿನ ಅಂದರೆ 72 ಗಂಟೆ, ಗುಣಿಸಿದರೆ 30 ಆಂಪಿಯರ್-ಅವರ್. ನಮ್ಮ ಬ್ಯಾಟರಿ ಇರುವುದೇ 35. ಲೆಕ್ಕ ಸರಿಹೋಯಿತು. ಸ್ಟೀರಿಯೊದ ಫ್ಯೂಸ್ ಕಿತ್ತರೆ 0.02ಕ್ಕೆ ಇಳಿಯಿತು, ಕಳ್ಳ ಸಿಕ್ಕ.

ಪರದೆ ಕಪ್ಪಾಗಿದ್ದರೂ ಅದು ನಿದ್ದೆ ಮಾಡುತ್ತಿರಲಿಲ್ಲ. ಮತ್ತೆ ಫ್ಯಾಕ್ಟರಿ ಮೆನು. ಎಸಿಸಿ ಹೋದ ಮೇಲೆ ಎಷ್ಟು ಹೊತ್ತಿಗೆ ಮಲಗಬೇಕು ಎಂಬಲ್ಲಿ "ಎಂದಿಗೂ ಇಲ್ಲ" ಅಂತಿತ್ತು. ಬೇಗ ಎಚ್ಚರವಾಗಲಿ, ಗಿರಾಕಿ ಖುಷಿಪಡಲಿ ಎಂದು ಹಾಗೆ ಇಟ್ಟು ಕಳಿಸಿರಬೇಕು. ಒಂದು ನಿಮಿಷಕ್ಕೆ ಬದಲಿಸಿದೆ. ಈಗ ಕೀ ತೆಗೆದ ಒಂದು ನಿಮಿಷಕ್ಕೆ ಮೀಟರ್ 0.03ಕ್ಕೆ ಬಂದು ನಿಲ್ಲುತ್ತದೆ. ಹೊಸ ಸ್ಟೀರಿಯೊ ಹಾಕಿಸಿಕೊಂಡ ಯಾರೇ ಆಗಲಿ, ಅಂಗಡಿಯಿಂದ ಹೊರಡುವ ಮುನ್ನ ಈ ಒಂದು ಅಳತೆ ಮಾಡಿಸಿಕೊಳ್ಳಿ.

ಸಣ್ಣಪುಟ್ಟದ್ದು ಎರಡು. 64 ಜಿಬಿ ಪೆನ್‌ಡ್ರೈವ್ ಹಿಡಿಯಲಿಲ್ಲ, ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿತ್ತು. ಫ್ಯಾಟ್32 ಮಾಡಿದ ಮೇಲೆ ಹಿಡಿಯಿತು. ಹಾಡಿನ ಹೆಸರು ಕನ್ನಡದಲ್ಲಿದ್ದರೆ ಬರೀ ಚೌಕ ಚೌಕ ಕಾಣುತ್ತಿತ್ತು, ಒಳಗೆ ಕನ್ನಡ ಫಾಂಟ್ ಹಾಕಿಲ್ಲ. ತತ್ವಪದಗಳ ಫೈಲಿಗೆ 01, 02 ಎಂದು ಹೆಸರಿಟ್ಟು ಕೈತೊಳೆದುಕೊಂಡೆ.

ಅಪ್ಪ ಈಗ ಕೇಳುತ್ತಿರುವುದು, ದನಿ ಹೆಚ್ಚುಕಡಿಮೆ ಮಾಡಲು "ತಿರುವೋದು ಎಲ್ಲೈತಿ?" ಎಂದು. ಈ ಪರದೆಗೆ ಗುಂಡಿಯೇ ಇಲ್ಲ. ಕುಲುಕುವ ತೋಟದ ದಾರಿಯಲ್ಲಿ ಬೆರಳು ಒಂದು ಕಡೆ ಇಟ್ಟರೆ ಒತ್ತುವುದು ಇನ್ನೊಂದು ಕಡೆ. ಸ್ಟೀರಿಂಗಿಗೆ ಕಟ್ಟುವ ವೈರ್‌ಲೆಸ್ ಗುಂಡಿ ಸಿಗುತ್ತದೆ, ಅದರ ರಿಸೀವರನ್ನು ಸ್ಟೀರಿಯೊದ ಕೀ1, ಕೀ2 ವೈರ್‌ಗೆ ಜೋಡಿಸಿ ಒಂದೊಂದು ಗುಂಡಿಗೂ ಕೆಲಸ ಕಲಿಸಬೇಕು. ತರಿಸಿದ್ದೇನೆ, ಗುರುವಾರ ಬರುತ್ತದಂತೆ. ಕೀ1, ಕೀ2 ವೈರ್‌ಗಳನ್ನು ಮೊದಲೇ ಹೊರಗೆ ಎಳೆದಿಟ್ಟಿದ್ದರೆ ಹತ್ತು ನಿಮಿಷದ ಕೆಲಸ. ಎಳೆದಿಟ್ಟಿಲ್ಲ. ಆ ಪ್ಯಾನೆಲ್ ಮತ್ತೆ ಬಿಚ್ಚಬೇಕು.